ಬ್ಲೂಟೂತ್ ಕೈಕೊಟ್ಟಾಗ: ತಪ್ಪು ಯಾವ ಕಡೆ ಇದೆ ಎಂದು ಪತ್ತೆಹಚ್ಚುವ ಬಗೆ

"ಬ್ಲೂಟೂತ್ ಕೆಲಸ ಮಾಡ್ತಿಲ್ಲ" ಅನ್ನುವುದು "ಮೈ ಹುಷಾರಿಲ್ಲ" ಅಂದ ಹಾಗೆ. ಎಲ್ಲಿ ನೋವು, ಯಾವಾಗಿನಿಂದ ಅಂತ ಕೇಳದೆ ಮದ್ದು ಕೊಡಲಾಗದು. ಆದರೆ ನಾವೆಲ್ಲ ಮಾಡುವುದೇ ಬೇರೆ. ಮೊದಲು ಆಫ್ ಮಾಡಿ ಆನ್ ಮಾಡುತ್ತೇವೆ, ಆಮೇಲೆ ಫೋನ್ ರೀಸ್ಟಾರ್ಟ್, ಆಮೇಲೆ ಸಿಟ್ಟು, ಕೊನೆಗೆ ಹೊಸ ಹೆಡ್‌ಸೆಟ್. ಹೊಸದೂ ಹಾಗೇ ಕರಕರ ಅಂದಾಗ ಗೊತ್ತಾಗುತ್ತದೆ, ತಪ್ಪು ಹೆಡ್‌ಸೆಟ್‌ದಲ್ಲ ಅಂತ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಹಾಗಾಯಿತು.

ಬ್ಲೂಟೂತ್‌ನಲ್ಲಿ ಯಾವಾಗಲೂ ಇಬ್ಬರಿರುತ್ತಾರೆ, ಇಬ್ಬರ ನಡುವೆ ಗಾಳಿ ಇರುತ್ತದೆ. ಮೂರರಲ್ಲಿ ಯಾರದು ತಪ್ಪು ಅನ್ನುವುದು ಮೊದಲು ತೀರ್ಮಾನವಾಗಬೇಕು. ಅಲ್ಲಿಯವರೆಗೆ ಒಂದು ಸೆಟ್ಟಿಂಗನ್ನೂ ಬದಲಿಸಬೇಡಿ.

ಮೊದಲ ಐದು ನಿಮಿಷ

ಬೇಕಿರುವುದು ಇನ್ನೊಂದು ಫೋನ್, ಸಾಧ್ಯವಾದರೆ ಇನ್ನೊಂದು ಹೆಡ್‌ಸೆಟ್ ಅಥವಾ ಸ್ಪೀಕರ್. ನಿಮ್ಮ ಹೆಡ್‌ಸೆಟ್ಟನ್ನು ಬೇರೆ ಫೋನ್‌ಗೆ ಜೋಡಿಸಿ ನೋಡಿ. ನಿಮ್ಮ ಫೋನನ್ನು ಬೇರೆ ಸ್ಪೀಕರ್‌ಗೆ ಜೋಡಿಸಿ ನೋಡಿ. ಹೆಡ್‌ಸೆಟ್ ಎಲ್ಲಿ ಹೋದರೂ ತೊಂದರೆ ಕೊಟ್ಟರೆ ಅದರದೇ ತಪ್ಪು. ಫೋನ್ ಯಾವುದರ ಜೊತೆಗೂ ಹೊಂದದಿದ್ದರೆ ಫೋನಿನದು. ಇಬ್ಬರೂ ಬೇರೆಯವರ ಜೊತೆ ಚೆನ್ನಾಗಿದ್ದು, ಪರಸ್ಪರ ಮಾತ್ರ ಮಾತಾಡದಿದ್ದರೆ ತೊಂದರೆ ಅವರ ಹಳೆಯ ಪೇರಿಂಗ್‌ನಲ್ಲಿದೆ. ಎಲ್ಲವೂ ಪಕ್ಕದ ಕೋಣೆಯಲ್ಲಿ ಸರಿಯಿದ್ದು ನಿಮ್ಮ ಮೇಜಿನ ಹತ್ತಿರ ಮಾತ್ರ ಕೆಟ್ಟರೆ ಗಾಳಿಯದು, ಅಂದರೆ ಸುತ್ತಲಿನ ರೇಡಿಯೊ ಗದ್ದಲದ್ದು.

ಪರೀಕ್ಷೆ ಮುಗಿದ ಕೂಡಲೇ ಆ ಇನ್ನೊಂದು ಫೋನಿನಿಂದ ನಿಮ್ಮ ಹೆಡ್‌ಸೆಟ್ಟನ್ನು ಅಳಿಸಿಹಾಕಿ. ಇದನ್ನು ಮರೆತು ನಾನೇ ಒಂದು ಹೊಸ ದೋಷ ಹುಟ್ಟಿಸಿಕೊಂಡಿದ್ದೇನೆ. ಮರುದಿನ ಹೆಡ್‌ಸೆಟ್ ಆನ್ ಮಾಡಿದರೆ ನನ್ನ ಫೋನ್‌ಗೆ ಬರುತ್ತಲೇ ಇಲ್ಲ. ಪಕ್ಕದಲ್ಲಿ ಕೂತಿದ್ದವರ ಜೇಬಿನ ಫೋನ್ ಅದನ್ನು ಸದ್ದಿಲ್ಲದೆ ಸೆಳೆದುಕೊಂಡಿತ್ತು.

ಇನ್ನು ಕೇಳಿಕೊಳ್ಳಬೇಕಾದದ್ದು ಒಂದೇ: ಸಂಪರ್ಕ ಯಾವ ಮೆಟ್ಟಿಲಲ್ಲಿ ಮುರಿಯುತ್ತಿದೆ? ಸಾಧನ ಪಟ್ಟಿಯಲ್ಲಿ ಕಾಣುತ್ತಲೇ ಇಲ್ಲವೇ? ಕಂಡರೂ ಪೇರ್ ಆಗುತ್ತಿಲ್ಲವೇ? 'ಕನೆಕ್ಟೆಡ್' ಅಂತ ತೋರಿಸಿದರೂ ಕೆಲಸ ಮಾಡುತ್ತಿಲ್ಲವೇ? ಕೆಲಸ ಮಾಡುತ್ತಾ ಮಾಡುತ್ತಾ ಕಡಿದುಹೋಗುತ್ತಿದೆಯೇ? ಒಂದೊಂದಕ್ಕೂ ಕಾರಣ ಬೇರೆ. ಕಡಿದುಹೋಗುವ ಸಂಪರ್ಕಕ್ಕೆ ಮತ್ತೆ ಪೇರ್ ಮಾಡುವುದರಿಂದ ಹೆಚ್ಚಿನ ಸಲ ಏನೂ ಪ್ರಯೋಜನವಿಲ್ಲ.

ಪಟ್ಟಿಯಲ್ಲಿ ಕಾಣುತ್ತಲೇ ಇಲ್ಲ

ಸಾಧನ ಆನ್ ಆಗಿರುವುದು ಬೇರೆ, ಪೇರಿಂಗ್ ಮೋಡ್‌ನಲ್ಲಿರುವುದು ಬೇರೆ. ಹೆಡ್‌ಸೆಟ್ ಆನ್ ಆದ ತಕ್ಷಣ ಮಾಡುವ ಮೊದಲ ಕೆಲಸ ತನ್ನ ಹಳೆಯ ಗೆಳೆಯರನ್ನು ಹುಡುಕುವುದು. ಚಾರ್ಜ್‌ಗೆ ಹಾಕಿಟ್ಟ ಟ್ಯಾಬ್ಲೆಟ್ ಒಂದು ಪಕ್ಕದ ಕೋಣೆಯಲ್ಲಿದ್ದರೆ ಸಾಕು, ಅದಕ್ಕೆ ಅಂಟಿಕೊಂಡು ನಿಮ್ಮ ಕಣ್ಣಿಗೆ ಕಾಣದಂತಾಗುತ್ತದೆ. ಅದಕ್ಕೇ ಹುಡುಕುವ ಮುನ್ನ ಸುತ್ತಲಿನ ಉಳಿದ ಸಾಧನಗಳ ಬ್ಲೂಟೂತ್ ಆಫ್ ಮಾಡಿ. ಆಮೇಲೆ ಹೆಡ್‌ಸೆಟ್ ಆಫ್ ಮಾಡಿ, ಪವರ್ ಬಟನ್ನನ್ನು ಒತ್ತಿ ಹಿಡಿದೇ ಇರಿ. 'ಆನ್' ಅಂತ ಸದ್ದು ಬಂದರೂ ಬೆರಳು ತೆಗೆಯಬೇಡಿ. ದೀಪ ಬೇಗಬೇಗ ಮಿನುಗುವವರೆಗೆ ಅಥವಾ ಎರಡು ಬಣ್ಣ ಒಂದಾದ ಮೇಲೊಂದು ಬರುವವರೆಗೆ ಹಿಡಿಯಿರಿ. ಕೆಲವಕ್ಕೆ ಪೇರಿಂಗ್‌ಗೆಂದೇ ಬೇರೆ ಬಟನ್ ಇರುತ್ತದೆ, ಇಯರ್‌ಬಡ್‌ಗಳಲ್ಲಿ ಅದು ಡಬ್ಬಿಯ ಮೇಲಿರಬಹುದು.

ಫೋನೇ ಇನ್ನೊಂದಕ್ಕೆ ಕಾಣಬೇಕಿದ್ದರೆ ಅದರ ಬ್ಲೂಟೂತ್ ಸೆಟ್ಟಿಂಗ್ಸ್ ಪುಟ ತೆರೆದೇ ಇರಬೇಕು. ಪುಟ ಮುಚ್ಚಿದರೆ ಫೋನ್ ಮರೆಗೆ ಸರಿಯುತ್ತದೆ.

ಐಫೋನ್ ಇಟ್ಟುಕೊಂಡವರು "ಆಫ್ ಮಾಡಿ ಆನ್ ಮಾಡಿದೆ" ಅಂದರೆ ಎಲ್ಲಿ ಮಾಡಿದಿರಿ ಅಂತ ಕೇಳಬೇಕು. ಕಂಟ್ರೋಲ್ ಸೆಂಟರ್‌ನ ಬಟನ್ ರೇಡಿಯೊವನ್ನು ನಿಲ್ಲಿಸುವುದಿಲ್ಲ. ಹೆಡ್‌ಸೆಟ್‌ನಂಥವುಗಳ ಸಂಪರ್ಕವನ್ನು ಮರುದಿನದವರೆಗೆ ಕಡಿಯುತ್ತದೆ ಅಷ್ಟೆ. ನಿಜವಾಗಿ ಆಫ್ ಆಗಬೇಕಿದ್ದರೆ ಸೆಟ್ಟಿಂಗ್ಸ್ ಒಳಗೇ ಹೋಗಬೇಕು.

ಫಿಟ್ನೆಸ್ ಬ್ಯಾಂಡ್, ತೂಕದ ಯಂತ್ರ, ಸ್ಮಾರ್ಟ್ ಬಲ್ಬ್‌ಗಳದು ಬೇರೆಯೇ ಕಥೆ. ಇವು ಬಳಸುವುದು ಬ್ಲೂಟೂತ್ ಲೋ ಎನರ್ಜಿ. ಅದರಲ್ಲಿರುವ 40 ಚಾನೆಲ್‌ಗಳ ಪೈಕಿ 3ರಲ್ಲಿ ಇವು "ನಾನಿಲ್ಲಿದ್ದೇನೆ" ಅಂತ ಆಗಾಗ ಕೂಗಿ ಸುಮ್ಮನಾಗುತ್ತವೆ. ಒಂದು ಫೋನ್ ಕೈಹಿಡಿದ ಮೇಲೆ ಬಹಳಷ್ಟು ಸಾಧನಗಳು ಕೂಗುವುದನ್ನೇ ನಿಲ್ಲಿಸುತ್ತವೆ. ಹಾಗಾಗಿ ಹಳೆಯ ಫೋನಿನಲ್ಲಿ ಬ್ಯಾಂಡ್‌ನ ಆಪ್ ಇನ್ನೂ ಓಡುತ್ತಿದ್ದರೆ ಹೊಸ ಫೋನ್‌ಗೆ ಬ್ಯಾಂಡ್ ಕಾಣುವುದೇ ಇಲ್ಲ. ಇವುಗಳನ್ನು ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ ಹುಡುಕುವುದೂ ತಪ್ಪು. ಅದರದೇ ಆಪ್‌ನ ಒಳಗಿನಿಂದ ಹುಡುಕಬೇಕು. ಆಂಡ್ರಾಯ್ಡ್ 6ರಿಂದ 11ರವರೆಗಿನ ಫೋನುಗಳಲ್ಲಿ ಈ ಹುಡುಕಾಟಕ್ಕೆ ಲೊಕೇಶನ್ ಅನುಮತಿ ಬೇಕು, ಲೊಕೇಶನ್ ಆನ್ ಕೂಡ ಇರಬೇಕು. ತೂಕದ ಯಂತ್ರಕ್ಕೆ ನಾನಿರುವ ಜಾಗ ಯಾಕೆ ಬೇಕು ಅಂತ ಅನುಮಾನಪಟ್ಟು 'ಬೇಡ' ಒತ್ತಿದವರಿಗೆ ಖಾಲಿ ಪಟ್ಟಿಯೇ ಗತಿ. ಅನುಮಾನ ನ್ಯಾಯವಾದದ್ದೇ. ಆಂಡ್ರಾಯ್ಡ್ 12ರಿಂದ 'ಹತ್ತಿರದ ಸಾಧನಗಳು' ಅನ್ನುವ ಬೇರೆ ಅನುಮತಿ ಬಂದಿದೆ.

ಪೇರ್ ಆಗುವುದಿಲ್ಲ, ಅಥವಾ ಹಳೆಯ ಜೋಡಿ ಮತ್ತೆ ಸೇರುವುದಿಲ್ಲ

ನನ್ನ ಕೈಗೆ ಬರುವ ಕೇಸುಗಳಲ್ಲಿ ಹೆಚ್ಚಿನವು ಇಲ್ಲಿಯವು. ಪೇರಿಂಗ್ ಅಂದರೆ ಏನು ಅಂತ ಒಮ್ಮೆ ಅರ್ಥವಾದರೆ ಅರ್ಧ ಸಮಸ್ಯೆ ತಾನಾಗಿ ಬಿಡಿಸಿಕೊಳ್ಳುತ್ತದೆ.

ಎರಡು ಸಾಧನಗಳು ಮೊದಲ ಸಲ ಸೇರಿದಾಗ ಒಂದು ಗುಟ್ಟಿನ ಕೀ ಹುಟ್ಟುತ್ತದೆ. ಅದರ ಒಂದೊಂದು ಪ್ರತಿ ಇಬ್ಬರ ಬಳಿಯೂ ಉಳಿಯುತ್ತದೆ. ಮುಂದಿನ ಸಲ ಪ್ರಶ್ನೆ ಉತ್ತರ ಏನೂ ಇಲ್ಲ, ಕೀ ತಾಳೆಯಾದರೆ ಒಳಗೆ ಬಾ, ಇಲ್ಲದಿದ್ದರೆ ಆಚೆ. ಈಗ ನೀವು ಹೆಡ್‌ಸೆಟ್ಟನ್ನು ರೀಸೆಟ್ ಮಾಡಿದಿರಿ ಅನ್ನಿ. ಅದರ ಬಳಿ ಇದ್ದ ಕೀ ಹೋಯಿತು. ಫೋನ್ ಬಳಿ ಹಳೆಯದು ಹಾಗೇ ಇದೆ. ಫೋನಿನ ಪಟ್ಟಿಯಲ್ಲಿ ಹೆಡ್‌ಸೆಟ್ ಹೆಸರು ರಾಜಾರೋಷವಾಗಿ ಕಾಣುತ್ತದೆ, ಒತ್ತಿದರೆ ಒಂದು ಕ್ಷಣ 'ಕನೆಕ್ಟಿಂಗ್' ಅನ್ನುತ್ತದೆ, ಮತ್ತೆ ಮೊದಲಿನ ಹಾಗೆ. ಸಂಬಂಧ ಮುರಿದದ್ದು ಒಬ್ಬರಿಗೆ ಮಾತ್ರ ಗೊತ್ತಿರುವ ಸ್ಥಿತಿ.

ಆದ್ದರಿಂದ ಅಳಿಸುವುದಾದರೆ ಎರಡೂ ಕಡೆ ಅಳಿಸಬೇಕು. ಫೋನಿನಲ್ಲಿ ಆ ಹೆಸರಿನ ಪಕ್ಕದ ಗುರುತನ್ನು ಒತ್ತಿ 'ಮರೆತುಬಿಡಿ' ಅಥವಾ 'ಅನ್‌ಪೇರ್' ಕೊಡಿ. ಹೆಡ್‌ಸೆಟ್ಟನ್ನು ಅದರ ಕೈಪಿಡಿಯಲ್ಲಿ ಹೇಳಿದ ಹಾಗೆ ಫ್ಯಾಕ್ಟರಿ ರೀಸೆಟ್ ಮಾಡಿ. ಫೋನಿನ ಬ್ಲೂಟೂತ್ ಒಮ್ಮೆ ಆಫ್ ಮಾಡಿ ಆನ್ ಮಾಡಿದ ಮೇಲೆ ಹೊಸದಾಗಿ ಪೇರ್ ಮಾಡಿ. ಬರೀ ಒಂದು ಕಡೆ ಅಳಿಸಿ ಹತ್ತು ಸಲ ಪ್ರಯತ್ನಿಸುವುದಕ್ಕಿಂತ ಇದು ಬೇಗ ಮುಗಿಯುತ್ತದೆ.

ಕೀ ಇಟ್ಟುಕೊಳ್ಳುವ ಜಾಗಕ್ಕೂ ಮಿತಿ ಇದೆ. ಸಣ್ಣ ಸಾಧನಗಳು ಕೆಲವೇ ಕೆಲವು ಜೊತೆಗಾರರನ್ನು ನೆನಪಿಡುತ್ತವೆ. ಹೊಸಬರು ಬಂದರೆ ಎಲ್ಲರಿಗಿಂತ ಹಳಬರು ಸದ್ದಿಲ್ಲದೆ ಹೊರಗೆ. ಕಾರಿನ ಸ್ಟೀರಿಯೊಗಳಲ್ಲಿ ಕೆಲವಂತೂ ಪಟ್ಟಿ ತುಂಬಿದ ಮೇಲೆ ಹೊಸ ಫೋನನ್ನು ಸೇರಿಸಿಕೊಳ್ಳುವುದೇ ಇಲ್ಲ, ಕಾರಣವನ್ನೂ ಹೇಳುವುದಿಲ್ಲ. ಹಿಂದೆ ಯಾರ್ಯಾರೋ ಜೋಡಿಸಿದ್ದ ಹೆಸರುಗಳನ್ನು ಮೊದಲು ತೆಗೆಯಿರಿ.

ಹಳೆಯ ಸಾಧನ ಪಿನ್ ಕೇಳಿದರೆ 0000 ಅಥವಾ 1234 ಹಾಕಿ ನೋಡಿ, ಬಹುತೇಕ ಎರಡರಲ್ಲಿ ಒಂದಾಗಿರುತ್ತದೆ. 2007ರ 2.1 ಆವೃತ್ತಿಯಿಂದ ಈ ಪಿನ್ ಪದ್ಧತಿಯ ಬದಲಿಗೆ ಹೊಸ ಕ್ರಮ ಬಂತು. ಪರದೆ ಇರುವ ಎರಡು ಸಾಧನಗಳಾದರೆ ಎರಡರಲ್ಲೂ ಒಂದೇ ಆರಂಕಿ ಬಂದಿದೆಯೇ ಅಂತ ನೋಡಿ ಒಪ್ಪಿಗೆ ಕೊಡಬೇಕು. ಕೀಬೋರ್ಡ್ ಜೋಡಿಸುವಾಗ ಮಾತ್ರ ಜನ ತಬ್ಬಿಬ್ಬಾಗುತ್ತಾರೆ: ಪರದೆಯ ಮೇಲೆ ಅಂಕಿಗಳಿವೆ, ಅದನ್ನು ತುಂಬಲು ಕೆಳಗೆ ಡಬ್ಬಿಯೇ ಇಲ್ಲ. ಡಬ್ಬಿ ಬೇಕಿಲ್ಲ. ಇನ್ನೂ ಜೋಡಣೆಯಾಗದ ಆ ಕೀಬೋರ್ಡ್ ಮೇಲೇ ಅಂಕಿಗಳನ್ನು ಒತ್ತಿ ಎಂಟರ್ ಹೊಡೆಯಬೇಕು. ಒತ್ತಿದ್ದು ಪರದೆಯ ಮೇಲೆ ಮೂಡದಿದ್ದರೂ ಗಾಬರಿ ಬೇಡ.

ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್, ಲಿನಕ್ಸ್ ಎಂಬ ಎರಡು ಕಾರ್ಯಾಚರಣೆ ವ್ಯವಸ್ಥೆಗಳನ್ನೂ ಇಟ್ಟುಕೊಂಡವರಿಗೆ ಒಂದು ವಿಚಿತ್ರ ಕಾಡುತ್ತದೆ. ವಿಂಡೋಸ್‌ನಲ್ಲಿ ಮೌಸ್ ಜೋಡಿಸಿದರು, ಸರಿ. ಲಿನಕ್ಸ್‌ಗೆ ಬಂದು ಅಲ್ಲೂ ಜೋಡಿಸಿದರು, ಸರಿ. ವಾಪಸ್ ವಿಂಡೋಸ್‌ಗೆ ಹೋದರೆ ಮೌಸ್ ಸತ್ತಿದೆ. ಕಾರಣ ಇಷ್ಟೆ: ಕಂಪ್ಯೂಟರಿನ ಬ್ಲೂಟೂತ್ ಚಿಪ್‌ನ 48 ಬಿಟ್‌ಗಳ ವಿಳಾಸ ಎರಡೂ ಕಡೆ ಒಂದೇ, ಆದರೆ ಕೀ ಬೇರೆ ಬೇರೆ. ಮೌಸ್ ಪಾಲಿಗೆ ಬಂದಿರುವುದು ಅದೇ ಹಳೆಯ ಕಂಪ್ಯೂಟರ್, ಹಾಗಾಗಿ ಹಳೆಯ ಕೀ ಅಳಿಸಿ ಹೊಸದನ್ನು ಬರೆದುಕೊಂಡಿತು. ವಿಂಡೋಸ್‌ನಲ್ಲಿ ಮತ್ತೊಮ್ಮೆ ಜೋಡಿಸಿ, ಅದರ ರಿಜಿಸ್ಟ್ರಿ ಎಂಬ ಸೆಟ್ಟಿಂಗ್‌ಗಳ ಉಗ್ರಾಣದಲ್ಲಿರುವ ಕೀಯನ್ನು ಲಿನಕ್ಸ್ ತನ್ನ ಕೀಗಳನ್ನಿಡುವ ಫೈಲಿಗೆ ನಕಲು ಮಾಡಿದರೆ ಸರಿಹೋಗುತ್ತದೆ, ಆದರೆ ಅದು ತಾಳ್ಮೆಯ ಕೆಲಸ. ಮೌಸ್ ಅಡಿಯಲ್ಲಿ 1, 2, 3 ಎಂದು ಬದಲಿಸುವ ಬಟನ್ ಇದ್ದರೆ ಒಂದೊಂದು ವ್ಯವಸ್ಥೆಗೆ ಒಂದೊಂದು ಸಂಖ್ಯೆ ಮೀಸಲಿಡಿ. ನಾನು ಆರಿಸಿಕೊಂಡದ್ದು ಈ ದಾರಿ.

ಕನೆಕ್ಟ್ ಆಗಿದೆ, ಆದರೆ...

'ಕನೆಕ್ಟೆಡ್' ಅನ್ನುವ ಪದವನ್ನು ಅಷ್ಟಾಗಿ ನಂಬಬೇಡಿ. ಬ್ಲೂಟೂತ್‌ನಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಪ್ರೊಫೈಲ್ ಇದೆ. ಹಾಡು ಕೇಳಿಸುವುದು ಎ2ಡಿಪಿ, ಅದು ಸ್ಟೀರಿಯೊ, ಒಂದೇ ದಿಕ್ಕಿನದು. ಕರೆಗೆ ಬೇಕಾದದ್ದು ಹ್ಯಾಂಡ್ಸ್‌ಫ್ರೀ ಪ್ರೊಫೈಲ್, ಅದರಲ್ಲಿ ಮೈಕ್ ಉಂಟು, ಧ್ವನಿ ಮಾತ್ರ ಮೊನೊ. ಎರಡರಲ್ಲಿ ಒಂದು ಸೇರಿಕೊಂಡರೂ ಫೋನ್ 'ಕನೆಕ್ಟೆಡ್' ಅನ್ನುತ್ತದೆ. ಕರೆ ಕೇಳುತ್ತದೆ ಹಾಡು ಕೇಳುವುದಿಲ್ಲ ಅಂದರೆ ಆಂಡ್ರಾಯ್ಡ್‌ನಲ್ಲಿ ಆ ಸಾಧನದ ವಿವರಗಳ ಪುಟ ತೆರೆದು, ಮಾಧ್ಯಮ ಆಡಿಯೊ ಮತ್ತು ಫೋನ್ ಕರೆಗಳು ಎರಡೂ ಆನ್ ಇವೆಯೇ ನೋಡಿ.

ಇದೇ ಬೇರಿನಿಂದ ಹುಟ್ಟುವ ಇನ್ನೊಂದು ದೂರು: "ಲ್ಯಾಪ್‌ಟಾಪ್‌ನಲ್ಲಿ ಹಾಡು ಚೆನ್ನಾಗಿ ಬರ್ತಿತ್ತು, ಮೀಟಿಂಗ್ ಶುರುವಾದ ಕೂಡಲೇ ಬಾವಿಯೊಳಗಿಂದ ಬಂದ ಹಾಗಾಯ್ತು." ಹೆಡ್‌ಸೆಟ್ ಕೆಟ್ಟಿಲ್ಲ. ಮೀಟಿಂಗ್ ಆಪ್ ಹೆಡ್‌ಸೆಟ್‌ನ ಮೈಕ್ ತೆರೆಯಿತು, ಮೈಕ್ ಬೇಕೆಂದರೆ ಹ್ಯಾಂಡ್ಸ್‌ಫ್ರೀಗೆ ಇಳಿಯಲೇಬೇಕು, ಅಲ್ಲಿ ಧ್ವನಿಯ ಸ್ಯಾಂಪ್ಲಿಂಗ್ (ಸದ್ದನ್ನು ಸೆಕೆಂಡಿಗೆ ಎಷ್ಟು ಸಲ ಅಳೆಯುತ್ತದೆ ಅನ್ನುವುದು) 8 ಕಿಲೋಹರ್ಟ್ಜ್, ಉತ್ತಮ ಸಾಧನಗಳಲ್ಲಿ 16. ಹಳೆಯ ಸ್ಥಿರ ದೂರವಾಣಿಯ ಗುಣಮಟ್ಟಕ್ಕೂ 8ಕ್ಕೂ ದೂರವೇನಿಲ್ಲ. ಪರಿಹಾರ ಸುಲಭ: ಆಪ್‌ನಲ್ಲಿ ಮೈಕ್ ಆಗಿ ಲ್ಯಾಪ್‌ಟಾಪ್‌ನದನ್ನೇ ಆರಿಸಿ, ಸ್ಪೀಕರ್ ಆಗಿ ಮಾತ್ರ ಹೆಡ್‌ಸೆಟ್ ಇಡಿ. ಈ ಹುಟ್ಟು ದೌರ್ಬಲ್ಯಕ್ಕೆ ಉತ್ತರವಾಗಿ ಲೋ ಎನರ್ಜಿ ಮೂಲಕವೇ ಧ್ವನಿ ಸಾಗಿಸುವ ಎಲ್‌ಇ ಆಡಿಯೊ ಬಂದಿದೆ, 2022ರಲ್ಲಿ ಅದರ ನಿಯಮಾವಳಿ ಪೂರ್ಣಗೊಂಡಿತು. ಆದರೆ ಎರಡೂ ಕಡೆಯವರಿಗೆ ಅದು ಬರಬೇಕು.

ಹಾಡು ತಾನಾಗಿ ನಿಂತು ನಿಂತು ಹೋಗುತ್ತಿದೆಯೇ? ಹೆಡ್‌ಸೆಟ್ ಏಕಕಾಲಕ್ಕೆ ಎರಡು ಸಾಧನಗಳಿಗೆ ಅಂಟಿಕೊಂಡಿರಬಹುದು. ಲ್ಯಾಪ್‌ಟಾಪ್‌ಗೆ ಒಂದು ಇಮೇಲ್ ಬಂದು 'ಟಿಣ್' ಅಂದರೆ ಅಷ್ಟು ಹೊತ್ತು ಫೋನಿನ ಹಾಡಿಗೆ ಕತ್ತರಿ. ಆ ನೋಟಿಫಿಕೇಶನ್ ಸದ್ದು ಆಫ್ ಮಾಡಿ, ಅಥವಾ ಹೀಗೆ ಎರಡಕ್ಕೆ ಒಟ್ಟಿಗೆ ಅಂಟುವ ಮಲ್ಟಿಪಾಯಿಂಟ್ ಸೌಲಭ್ಯವನ್ನೇ ಆಫ್ ಮಾಡಿ.

ಒಂದು ಕಿವಿಯ ಇಯರ್‌ಬಡ್ ಮೂಕವಾದರೆ ಮೊದಲು ಕೊಳೆ ನೋಡಿ. ಚಾರ್ಜ್ ತಗಲುವ ಲೋಹದ ಬಿಂದುಗಳ ಮೇಲೆ ಬೆವರು ಒಣಗಿ ಕಂದು ಪದರ ಕಟ್ಟಿರುತ್ತದೆ. ಡಬ್ಬಿಯಲ್ಲಿಟ್ಟರೂ ಅದು ಚಾರ್ಜ್ ಆಗಿರುವುದಿಲ್ಲ. ಒಣ ಹತ್ತಿಯ ಕಡ್ಡಿಯಿಂದ ಒರೆಸಿ.

ಕಡಿದು ಕಡಿದು ಬರುತ್ತದೆ

ಬ್ಲೂಟೂತ್ ಮೇಲೆ ಆರೋಪ ಹೊರಿಸುವ ಮುನ್ನ ಫೋನಿನಲ್ಲಿ ಮೊದಲೇ ಇಳಿಸಿಟ್ಟ ಹಾಡೊಂದನ್ನು ಏರೋಪ್ಲೇನ್ ಮೋಡ್‌ನಲ್ಲಿ, ಬ್ಲೂಟೂತ್ ಮಾತ್ರ ಆನ್ ಇಟ್ಟು ಕೇಳಿ. ಅದು ನಿರಾಳವಾಗಿ ಬಂದರೆ ಕಡಿಯುತ್ತಿದ್ದದ್ದು ಇಂಟರ್ನೆಟ್ ಆಗಿರಬಹುದು, ಇಲ್ಲವೇ ಫೋನಿನದೇ ವೈಫೈ ಬ್ಲೂಟೂತ್‌ನ ಕಾಲು ತುಳಿಯುತ್ತಿರಬಹುದು. ವೈಫೈ ಒಂದನ್ನೇ ಆನ್ ಮಾಡಿ ಅದೇ ಹಾಡನ್ನು ಮತ್ತೆ ಕೇಳಿದರೆ ಯಾವುದು ಅಂತ ಗೊತ್ತಾಗುತ್ತದೆ. ಏರೋಪ್ಲೇನ್ ಮೋಡ್‌ನಲ್ಲೂ ಕಡಿದರೆ ಮುಂದೆ ಓದಿ.

ಬ್ಲೂಟೂತ್ ಓಡಾಡುವುದು 2.4 ಗಿಗಾಹರ್ಟ್ಜ್ ಪಟ್ಟೆಯಲ್ಲಿ, 2402ರಿಂದ 2480 ಮೆಗಾಹರ್ಟ್ಜ್‌ವರೆಗೆ. ವೈಫೈ, ಮೈಕ್ರೋವೇವ್ ಓವನ್, ವೈರ್‌ಲೆಸ್ ಕ್ಯಾಮರಾ ಎಲ್ಲರೂ ಇದೇ ಬೀದಿಯವರು. ಹಾಡು ಸಾಗಿಸುವ ಕ್ಲಾಸಿಕ್ ಬ್ಲೂಟೂತ್ ಈ ಪಟ್ಟೆಯನ್ನು 79 ಚಾನೆಲ್ ಮಾಡಿಕೊಂಡು ಸೆಕೆಂಡಿಗೆ 1600 ಸಲ ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತದೆ. 2003ರ 1.2 ಆವೃತ್ತಿಯಿಂದ ಗದ್ದಲವಿರುವ ಚಾನೆಲ್‌ಗಳನ್ನು ಗುರುತಿಟ್ಟು ಬಿಟ್ಟು ಜಿಗಿಯುವ ಬುದ್ಧಿಯೂ ಬಂತು. ಆದರೆ ಒಂದೊಂದು ವೈಫೈ ಕನಿಷ್ಠ 20 ಮೆಗಾಹರ್ಟ್ಜ್ ಅಗಲ ನುಂಗುತ್ತದೆ. ಅಕ್ಕಪಕ್ಕದವರ ವೈಫೈಗಳು 1, 6, 11ನೇ ಚಾನೆಲ್‌ಗಳಲ್ಲಿ ಕೂತರೆ ಜಿಗಿಯಲು ಉಳಿಯುವುದು ಸಂದಿಗೊಂದಿ. ನಿಮ್ಮ ಫೋನ್, ಲ್ಯಾಪ್‌ಟಾಪ್‌ಗಳನ್ನು 5 ಗಿಗಾಹರ್ಟ್ಜ್ ವೈಫೈಗೆ ದಾಟಿಸುವುದೇ ಇದಕ್ಕೆ ಮೊದಲ ಮದ್ದು.

ನಮ್ಮ ದೇಹವೂ ಗೋಡೆಯೇ. ದೇಹದ ಬಹುಪಾಲು ನೀರು, ನೀರು ಈ ಅಲೆಗಳನ್ನು ಹೀರಿಕೊಳ್ಳುತ್ತದೆ. ಫೋನ್ ಪ್ಯಾಂಟಿನ ಹಿಂದಿನ ಬಲ ಜೇಬಿನಲ್ಲಿ, ಸಿಗ್ನಲ್ ಹಿಡಿಯುವ ಇಯರ್‌ಬಡ್ ಎಡ ಕಿವಿಯಲ್ಲಿ ಇದ್ದರೆ, ನಡುವೆ ಇಡೀ ಮೈ. ಒಳಗಡೆ ಗೋಡೆಗಳಿಗೆ ತಾಗಿ ಬರುವ ಪ್ರತಿಫಲನ ಸಹಾಯ ಮಾಡುತ್ತದೆ, ಬಯಲಿನಲ್ಲಿ ಅದೂ ಇಲ್ಲ. ಮನೆಯೊಳಗೆ ಚೆನ್ನಾಗಿದ್ದದ್ದು ಮೈದಾನದಲ್ಲಿ ಓಡುವಾಗ ಕಡಿಯುವುದು ಇದಕ್ಕೇ. ಫೋನನ್ನು ಎದೆಯ ಮುಂದೆ ಹಿಡಿದು ನೋಡಿ. ತಕ್ಷಣ ಸರಿಹೋದರೆ ಜೇಬು ಬದಲಿಸಿದರೆ ಸಾಕು.

ಇನ್ನೊಬ್ಬ ಕಳ್ಳನನ್ನು ಹಿಡಿಯಲು ನನಗೆ ಎರಡು ವಾರ ಬೇಕಾಯಿತು. ಸಂಜೆಯಾದರೆ ನನ್ನ ಮೌಸ್‌ನ ಬಾಣ ತಡವರಿಸುತ್ತಿತ್ತು: ಕೈ ಸರಿಸಿದರೆ ಒಂದು ಕ್ಷಣ ಸುಮ್ಮನೆ, ಮರುಕ್ಷಣ ಪರದೆಯ ಆ ತುದಿಗೆ ನೆಗೆತ. ಡ್ರೈವರ್ (ಸಾಧನವನ್ನು ನಡೆಸುವ ತಂತ್ರಾಂಶ) ಬದಲಿಸಿದೆ, ಬ್ಯಾಟರಿ ಬದಲಿಸಿದೆ, ಮೌಸ್ ಅಡಿಯ ಬಟ್ಟೆಯನ್ನೂ ಬದಲಿಸಿದೆ. ಒಂದು ಸಂಜೆ ಬ್ಯಾಕಪ್ ಮುಗಿದು ಹಾರ್ಡ್ ಡಿಸ್ಕ್‌ನ ವೈರ್ ಕಿತ್ತೆ. ಬಾಣ ಎಣ್ಣೆ ಹಚ್ಚಿದ ಹಾಗೆ ಜಾರಿತು. ಮತ್ತೆ ಚುಚ್ಚಿದೆ, ಮತ್ತೆ ತಡವರಿಕೆ. ಯುಎಸ್‌ಬಿ 3 ಸಂಪರ್ಕ ಸೆಕೆಂಡಿಗೆ 5 ಗಿಗಾಬಿಟ್ ಸಾಗಿಸುವಾಗ ಅದರ ವಿದ್ಯುತ್ ಗದ್ದಲ 2.4 ಗಿಗಾಹರ್ಟ್ಜ್ ಪಟ್ಟೆಗೂ ಚೆಲ್ಲುತ್ತದೆ. 2012ರಲ್ಲೇ ಇಂಟೆಲ್ ಇದನ್ನು ಅಳತೆ ಮಾಡಿ ಪ್ರಕಟಿಸಿತ್ತು. ನನ್ನ ಬ್ಲೂಟೂತ್ ಡಾಂಗಲ್, ಅಂದರೆ ಯುಎಸ್‌ಬಿ ಕಿಂಡಿಗೆ ಚುಚ್ಚುವ ಪುಟ್ಟ ಬ್ಲೂಟೂತ್ ತುಂಡು, ಆ ಡಿಸ್ಕ್‌ನ ಪಕ್ಕದ ಕಿಂಡಿಯಲ್ಲೇ ಕೂತಿತ್ತು. ಒಂದು ಮೀಟರ್‌ನ ಸಾದಾ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಾಂಗಲ್ಲನ್ನು ಮೇಜಿನ ಮೇಲೆ ತಂದಿಟ್ಟೆ. ಅಲ್ಲಿಗೆ ಮುಗಿಯಿತು.

ಡೆಸ್ಕ್‌ಟಾಪ್‌ನಲ್ಲಿ ಬ್ಲೂಟೂತ್ ಒಂದು ಮೊಳದಾಚೆ ಕೇಳದಿದ್ದರೆ ಕ್ಯಾಬಿನೆಟ್‌ನ ಹಿಂದೆ ಬಗ್ಗಿ ನೋಡಿ. ಬಂಗಾರದ ಬಣ್ಣದ ಎರಡು ಸಣ್ಣ ತಿರುಪುಗಳು ಬರಿದಾಗಿ ನಿಂತಿವೆಯೇ? ಅಲ್ಲಿ ಇರಬೇಕಾದ ಆಂಟೆನಾ ಮದರ್‌ಬೋರ್ಡ್‌ನ ಖಾಲಿ ಪೆಟ್ಟಿಗೆಯಲ್ಲಿ ಮಲಗಿದೆ. "ಅದು ವೈಫೈದು, ನಾನು ವೈರ್ ಹಾಕಿದ್ದೀನಿ, ಬೇಡ" ಅಂತ ಬಿಟ್ಟಿರುತ್ತಾರೆ. ಬ್ಲೂಟೂತ್‌ಗೂ ಅದೇ ಆಂಟೆನಾ.

ಸ್ವಲ್ಪ ಹೊತ್ತು ಮುಟ್ಟದಿದ್ದರೆ ಮೌಸ್ ನಿದ್ದೆಹೋಗಿ ಏಳದಿರುವುದು ಗದ್ದಲದ ದೋಷವಲ್ಲ. ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಬ್ಲೂಟೂತ್ ಅಡಾಪ್ಟರ್‌ನ (ಕಂಪ್ಯೂಟರಿನ ಬ್ಲೂಟೂತ್ ಚಿಪ್‌ನ) ಪವರ್ ಮ್ಯಾನೇಜ್‌ಮೆಂಟ್ ಟ್ಯಾಬ್ ತೆರೆದು, ವಿದ್ಯುತ್ ಉಳಿಸಲು ಇದನ್ನು ಆಫ್ ಮಾಡಬಹುದು ಅನ್ನುವ ಟಿಕ್ ತೆಗೆಯಿರಿ.

ಬ್ಲೂಟೂತ್ ಬಟನ್ನೇ ಮಾಯ

ವಿಂಡೋಸ್‌ನಲ್ಲಿ ಆನ್-ಆಫ್ ಗುಂಡಿಯೇ ಕಾಣದಿದ್ದರೆ ಅಡಾಪ್ಟರ್ ಕಂಪ್ಯೂಟರಿನ ಕಣ್ಣಿಗೇ ಬಿದ್ದಿಲ್ಲ ಅಂತ ಅರ್ಥ. ಶಟ್‌ಡೌನ್ ಮಾಡಿ ಮತ್ತೆ ಹಚ್ಚಿದರೆ ಸಾಲದು. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಅನ್ನುವುದು ಅರೆನಿದ್ದೆ. ಪೂರ್ತಿ ಹೊಸದಾಗಿ ಶುರುವಾಗುವುದು ರೀಸ್ಟಾರ್ಟ್‌ನಲ್ಲಿ. ಅದಕ್ಕೂ ಬಗ್ಗದಿದ್ದರೆ ಶಟ್‌ಡೌನ್ ಮಾಡಿ, ಚಾರ್ಜರ್ ಕಿತ್ತು, ಬ್ಯಾಟರಿ ತೆಗೆಯಲು ಬರುವಂತಿದ್ದರೆ ಅದನ್ನೂ ತೆಗೆದು, ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಒಳಗೆ ಉಳಿದ ವಿದ್ಯುತ್ ಇಳಿದು, ಸಿಕ್ಕಿಹಾಕಿಕೊಂಡಿದ್ದ ಚಿಪ್ ಎಚ್ಚರಗೊಳ್ಳುತ್ತದೆ. ಮಂತ್ರದ ಹಾಗೆ ಕಾಣುತ್ತದೆ, ಆದರೆ ನನಗೆ ಇದು ಕೆಲಸ ಮಾಡಿದಷ್ಟು ಸಲ ಡ್ರೈವರ್ ಬದಲಾವಣೆ ಮಾಡಿಲ್ಲ. ಡ್ರೈವರ್ ಹಾಕಲೇಬೇಕಿದ್ದರೆ ಲ್ಯಾಪ್‌ಟಾಪ್ ತಯಾರಕರ ತಾಣದಿಂದ, ನಿಮ್ಮದೇ ಮಾದರಿಯದನ್ನು ಇಳಿಸಿಕೊಳ್ಳಿ. ಲಿನಕ್ಸ್‌ನವರು ಆರ್‌ಎಫ್‌ಕಿಲ್ ಆದೇಶದಿಂದ ರೇಡಿಯೊಗೆ ಬೀಗ ಬಿದ್ದಿದೆಯೇ ನೋಡಿಕೊಳ್ಳಲಿ.

"ಅದೇ ಕಾರ್ಡ್‌ನ ವೈಫೈ ನಡೀತಿದೆ, ಹಾಗಾದ್ರೆ ಕಾರ್ಡ್ ಸರಿ ಇದೆ ತಾನೆ?" ಅಂತ ಕೇಳುವವರುಂಟು. ಹಾಗೇನಿಲ್ಲ. ಲ್ಯಾಪ್‌ಟಾಪ್‌ಗಳ ಬಹುತೇಕ ಕಾರ್ಡ್‌ಗಳಲ್ಲಿ ವೈಫೈ ಪಿಸಿಐಇ ಅನ್ನುವ ಕಂಪ್ಯೂಟರಿನ ಒಳದಾರಿಯಲ್ಲಿ ಹೋದರೆ ಬ್ಲೂಟೂತ್ ಯುಎಸ್‌ಬಿ ದಾರಿಯಲ್ಲಿ ಹೋಗುತ್ತದೆ. ಒಂದು ಸತ್ತು ಇನ್ನೊಂದು ಬದುಕಿರಬಹುದು. ಇನ್‌ಸ್ಟಾಲ್ ಮಾಡದೆಯೇ ಲಿನಕ್ಸ್ ಓಡಿಸುವ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದಾಗಲೂ ಅಡಾಪ್ಟರ್ ಕಾಣದಿದ್ದರೆ ಅದರ ಆಸೆ ಬಿಟ್ಟು ಒಂದು ಡಾಂಗಲ್ ತನ್ನಿ. ಹಳೆಯದು ಆಗೊಮ್ಮೆ ಈಗೊಮ್ಮೆ ಜೀವ ಬಂದು ಡಿವೈಸ್ ಮ್ಯಾನೇಜರ್‌ನಲ್ಲಿ ತಲೆಯೆತ್ತುವಂಥದ್ದಾದರೆ, ಡಾಂಗಲ್ ಚುಚ್ಚುವ ಮುನ್ನ ಅದನ್ನು ಡಿಸೇಬಲ್ ಮಾಡಿ; ವಿಂಡೋಸ್ ಒಂದು ಹೊತ್ತಿಗೆ ಒಂದೇ ಬ್ಲೂಟೂತ್ ರೇಡಿಯೊ ಜೊತೆ ಬಾಳುತ್ತದೆ.